‘ಜಾಮೀನೇ ನಿಯಮ, ಜೈಲು ಅಪವಾದ’ ಯಾವ ಸೆಕ್ಷನ್‌ನಲ್ಲಿದೆ?

ಪ್ರಶ್ನೆ: ಟಿವಿ ಚರ್ಚೆಗಳಲ್ಲಿ ವಕೀಲರು ‘ಜಾಮೀನೇ ನಿಯಮ, ಜೈಲು ಅಪವಾದ’ ಅನ್ನುತ್ತಲೇ ಇರುತ್ತಾರೆ. ಇದು ಯಾವ ಕಾನೂನಿನ ಯಾವ ಸೆಕ್ಷನ್? ನಿಯಮ ಇದ್ದರೂ ಜನ ವರ್ಷಗಟ್ಟಲೆ ಒಳಗೇ ಇರುವುದು ಯಾಕೆ?

ಉತ್ತರ: ಹುಡುಕಬೇಡಿ, ಸಿಗುವುದಿಲ್ಲ. ಈ ಮಾತು ಯಾವ ಸೆಕ್ಷನ್‌ನಲ್ಲೂ ಇಲ್ಲ. 1977ರಲ್ಲಿ ರಾಜಸ್ಥಾನದ ಬಾಲ್‌ಚಂದ್ ಎಂಬಾತನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ಪುಟ್ಟ ಆದೇಶದಲ್ಲಿ ಇದರ ಮೂಲ ಇದೆ. ಆರೋಪಿ ಓಡಿಹೋಗುವ, ಸಾಕ್ಷಿಗಳನ್ನು ಹೆದರಿಸುವ, ಮತ್ತೆ ಅಪರಾಧ ಮಾಡುವ ಸೂಚನೆ ಇಲ್ಲದಿದ್ದರೆ ‘ಬೇಲ್, ನಾಟ್ ಜೈಲ್’ ಅಂದರು. ಪ್ರಾಸ ಇತ್ತು, ವಕೀಲರ ಬಾಯಿಗೆ ಕೂತುಬಿಟ್ಟಿತು. ಅಯ್ಯರ್ ಅವರ ಇಂಗ್ಲಿಷ್ ಎಷ್ಟೋ ಕಡೆ ಡಿಕ್ಷನರಿ ಬೇಡುತ್ತದೆ. ಇಲ್ಲಿ ಮಾತ್ರ ಸಲೀಸು.

ಇವರು ಜೈಲನ್ನು ಸುಮ್ನೆ ಪುಸ್ತಕದಲ್ಲಿ ಓದಿದವರಲ್ಲ. ಕೇರಳದ ತಲಶ್ಶೇರಿಯಲ್ಲಿ ವಕೀಲರಾಗಿದ್ದಾಗ ಕಮ್ಯುನಿಸ್ಟರಿಗೆ ನೆರವು ಕೊಟ್ಟರೆಂಬ ಆರೋಪದ ಮೇಲೆ 1948ರಲ್ಲಿ ಸುಮಾರು ಒಂದು ತಿಂಗಳು ಜೈಲಿನಲ್ಲಿದ್ದರು. 1957ರಲ್ಲಿ ಕೇರಳದ ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರದ ಮಂತ್ರಿ. ಕೈಗೆ ಬಂದ ಖಾತೆಗಳಲ್ಲಿ ಜೈಲೂ ಒಂದು! 1973ರಿಂದ 1980ರವರೆಗೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ. ಅಲ್ಲಿದ್ದಾಗ ಸುನಿಲ್ ಬಾತ್ರಾ ಎಂಬ ಕೈದಿ ಬರೆದ ಪತ್ರವನ್ನೇ ಅರ್ಜಿ ಅಂತ ಸ್ವೀಕರಿಸಿ ವಿಚಾರಣೆ ನಡೆಸಿದರು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಅದಕ್ಕೆ 1978ರ ಮೋತಿರಾಮ್ ಪ್ರಕರಣ ನೋಡಬೇಕು. ಮೋತಿರಾಮ್ ಮಧ್ಯಪ್ರದೇಶದ ಒಬ್ಬ ಬಡ ಗಾರೆ ಕೆಲಸದವನು. ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಆದರೆ ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಗೆ ಶ್ಯೂರಿಟಿ, ಅಂದರೆ ಅವನು ಕೋರ್ಟಿಗೆ ಬಾರದಿದ್ದರೆ ಆ ಹಣಕ್ಕೆ ಹೊಣೆಯಾಗುವವರನ್ನು, ಕೇಳಿದರು. ಅವನ ಅಣ್ಣ-ತಮ್ಮಂದಿರಲ್ಲೊಬ್ಬರು ಮುಂದೆ ಬಂದರೆ, ಅವರ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಲಿಲ್ಲ. ಅಂದರೆ ಜಾಮೀನು ಸಿಕ್ಕಿದೆ, ಮನುಷ್ಯ ಹೊರಗೆ ಬಂದಿಲ್ಲ. ಅಯ್ಯರ್ ಅವನನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆ (ಬೇರೆ ಹೊಣೆಗಾರರಿಲ್ಲದೆ ತಾನೇ ಬರೆದುಕೊಡುವ ಬಾಂಡ್) ಮೇಲೆ ಬಿಡಿಸಿದರು. ಬಡವನ ಹತ್ತಿರ ಹತ್ತು ಸಾವಿರ ಕೇಳುವುದೂ ಜಾಮೀನು ನಿರಾಕರಿಸುವುದೂ ಒಂದೇ ಅಲ್ವಾ?

ನಮ್ಮ ಕೋರ್ಟುಗಳ ಆವರಣದಲ್ಲಿ ಪಹಣಿ ಇಟ್ಟುಕೊಂಡ ಶ್ಯೂರಿಟಿಗಾಗಿ ಅಲೆಯುವ ಮನೆಯವರನ್ನು ನೋಡಿದವರಿಗೆ ಇದು ಹಳೇ ಕಥೆ ಅನ್ನಿಸುವುದಿಲ್ಲ. ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಹೆಚ್ಚುಕಡಿಮೆ ಮೂವರು ಈಗಲೂ ವಿಚಾರಣಾಧೀನ ಕೈದಿಗಳು, ಅಂದರೆ ಕೇಸು ಇನ್ನೂ ತೀರ್ಮಾನವಾಗದವರು. ಎಲ್ಲರೂ ಶ್ಯೂರಿಟಿ ಸಿಗದೆ ಒಳಗಿದ್ದಾರೆ ಅಂತಲ್ಲ. ಭಯೋತ್ಪಾದನೆ ತಡೆಯುವ ಯುಎಪಿಎ, ಅಕ್ರಮ ಹಣ ವರ್ಗಾವಣೆ ತಡೆಯುವ ಪಿಎಂಎಲ್‌ಎ ಥರದ ಕಾನೂನುಗಳು ಅಯ್ಯರ್ ಮಾತನ್ನೇ ತಿರುವು ಮುರುವು ಮಾಡಿವೆ. ಅಲ್ಲಿ ಜಾಮೀನು ಸಿಗುವುದೇ ಕಷ್ಟ.

ಅಯ್ಯರ್ ಹೇಳಿದ್ದೆಲ್ಲ ಉಳಿದಿದೆ ಅಂತಲೂ ಅಲ್ಲ. ಖಾಸಗಿ ಕಾಂಟ್ರಾಕ್ಟ್ ಬಸ್‌ಗಳನ್ನು ಕರ್ನಾಟಕ ಸರ್ಕಾರ ವಶಕ್ಕೆ ಪಡೆದ ಕೇಸಿನಲ್ಲಿ, ಖಾಸಗಿ ಆಸ್ತಿಯೂ ಸಮುದಾಯದ ಸಂಪತ್ತೇ ಎಂಬರ್ಥದಲ್ಲಿ 1977ರಲ್ಲಿ ಅವರು ಬರೆದಿದ್ದರು. 2024ರ ನವೆಂಬರ್‌ನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಅದನ್ನು ಒಪ್ಪಲಿಲ್ಲ. ಆ ತೀರ್ಪಿನಲ್ಲಿ ಅಯ್ಯರ್ ಬಗ್ಗೆ ಬಂದ ಟೀಕೆಗೆ ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಆಕ್ಷೇಪ ಎತ್ತಿದರು. ನನಗೂ ಆ ಟೀಕೆ ಜಾಸ್ತಿ ಆಯ್ತು ಅನ್ನಿಸಿತ್ತು.

ಸೆಕ್ಷನ್ ಬೇಕೇ ಬೇಕು ಅನ್ನುವವರು ಈಗಿನ ಕ್ರಿಮಿನಲ್ ಪ್ರಕ್ರಿಯಾ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 478 ನೋಡಿ. ಬಂಧನವಾಗಿ ಒಂದು ವಾರದೊಳಗೆ ಶ್ಯೂರಿಟಿ ತರಲಾಗದವರನ್ನು ಬಡವರೆಂದೇ ತಿಳಿದು ಸ್ವಂತ ಮುಚ್ಚಳಿಕೆ ಮೇಲೆ ಬಿಡಬೇಕು ಅಂತ ಅದರಲ್ಲಿದೆ. ಮೋತಿರಾಮ್‌ಗೆ ಬೇಕಿದ್ದದ್ದು ಅದೇ. ಆದರೆ ಇದು ಬೇಲೆಬಲ್, ಅಂದರೆ ಜಾಮೀನು ಹಕ್ಕಾಗಿಯೇ ಸಿಗುವ ಕೇಸುಗಳಿಗೆ ಮಾತ್ರ.