ಆ್ಯಪ್ ಕೊಟ್ಟ ಮುಖ ಅಮ್ಮನದಲ್ಲ

ತೀರಿಕೊಂಡವರ ಫೋಟೋ ದೊಡ್ಡದು ಮಾಡಿಸಲು ಬರುವವರು ಮೊದಲೆಲ್ಲ ಮದುವೆ ಆಲ್ಬಂ ಹಿಡಿದು ಬರುತ್ತಿದ್ದರು. ಈಗ ಮೊಬೈಲ್ ಚಾಚುತ್ತಾರೆ. ಅದರಲ್ಲಿ ಯಾವುದೋ ಆ್ಯಪ್ ಆಗಲೇ ‘ಕ್ಲಿಯರ್’ ಮಾಡಿದ ಮುಖ ಇರುತ್ತದೆ. ಒರಿಜಿನಲ್ ಎಲ್ಲಿದೆ ಅಂತ ನಾನು ಮೊದಲು ಕೇಳುತ್ತೇನೆ.

ಹಳೇ ಗ್ರೂಪ್ ಫೋಟೋದಲ್ಲಿ ಒಬ್ಬರ ಮುಖ 5 ಮಿಲಿಮೀಟರ್ ಅಗಲ ಇದೆ ಅಂದುಕೊಳ್ಳಿ. 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ಸ್ಕ್ಯಾನ್ ಮಾಡಿದರೂ ಅಡ್ಡಕ್ಕೆ ಸಿಗುವುದು ಸುಮಾರು 118 ಪಿಕ್ಸೆಲ್. ಗೋಡೆಗೆ ಹಾಕುವ 12×18 ಇಂಚಿನ ಪ್ರಿಂಟಿನಲ್ಲಿ ಅದೇ ಮುಖ 5 ಇಂಚು ಬರಬೇಕು, ಅದೂ ಚೊಕ್ಕವಾಗಿ ಅಂದರೆ ಇಂಚಿಗೆ 300ರಂತೆ 1,500 ಪಿಕ್ಸೆಲ್ ಬೇಕು. ಇಲ್ಲದ್ದನ್ನೆಲ್ಲ ಯಂತ್ರ ಊಹಿಸಿ ತುಂಬುತ್ತದೆ. 2021ರಲ್ಲಿ ಬಂದ ಜಿಎಫ್‌ಪಿ-ಗ್ಯಾನ್ ಎಂಬ ಪ್ರೋಗ್ರಾಂ ಈ ಕೆಲಸ ಕಲಿತದ್ದು, ಜನ ಫೋಟೋ ಹಂಚಿಕೊಳ್ಳುವ ವೆಬ್‌ಸೈಟ್ ಫ್ಲಿಕರ್‌ನಿಂದ ತೆಗೆದ 70,000 ಮುಖಗಳಿಂದ. ಅಮ್ಮನ ಕಣ್ಣು ಮಸುಕಾಗಿದ್ದರೆ, ಅಲ್ಲಿ ಬಂದು ಕೂರುವುದು ಆ ಅಪರಿಚಿತರನ್ನು ನೋಡಿ ಕಲಿತ ಕಣ್ಣು.

ಒಮ್ಮೆ ಅಕ್ಕ–ತಮ್ಮ ಬಂದಿದ್ದರು, ಅಮ್ಮನ ವರ್ಷದ ತಿಥಿಗೆ ಫೋಟೋ ಬೇಕಿತ್ತು. ಆ್ಯಪ್ ಮಾಡಿದ ಮುಖ ಅಕ್ಕನಿಗೆ ತುಂಬಾ ಹಿಡಿಸಿತ್ತು. ತಮ್ಮ ಮಾತ್ರ “ಯಾಕೋ ಅಮ್ಮನ ಥರ ಇಲ್ಲ ಕಣೇ” ಅನ್ನುತ್ತಲೇ ಇದ್ದ. ಒರಿಜಿನಲ್ ತರಿಸಿ ಎರಡನ್ನೂ ಪಕ್ಕಪಕ್ಕ ಹಾಕಿದೆ. ಮೂಗಿನ ಎರಡೂ ಬದಿ ಇದ್ದ ಮೂಗುಬೊಟ್ಟಿನಲ್ಲಿ ಒಂದು ಆ್ಯಪ್ ಮಾಡಿದ ಮುಖದಲ್ಲಿ ಮಾಯ. ತುಟಿ ನೀಟಾಗಿ ಮುಚ್ಚಿಕೊಂಡಿತ್ತು. “ಅಯ್ಯೋ, ಅಮ್ಮನ ಉಬ್ಬುಹಲ್ಲೆಲ್ಲೋ?” ಅಂದರು ಅಕ್ಕ. ಯಂತ್ರಕ್ಕೆ ಅದು ಗೀರೋ ಕಲೆಯೋ ಇದ್ದ ಹಾಗೆ, ಒರೆಸಿಬಿಟ್ಟಿತ್ತು.

ದುಃಖದಲ್ಲಿರುವವರಿಗೆ ಮುಖ ಸ್ಪಷ್ಟವಾಗಿ ಕಾಣಬೇಕು ಅನ್ನಿಸುವುದು ಸಹಜ. ಅದನ್ನು ತಪ್ಪು ಅನ್ನಲಾರೆ. ಆದರೆ ಗೋಡೆಯ ಫೋಟೋ ದಿನಾ ಕಣ್ಣಿಗೆ ಬೀಳುತ್ತದೆ, ಅಲ್ವಾ? ನೋಡ್ತಾ ನೋಡ್ತಾ ಆ ಮುಖವೇ ನೆನಪಿನಲ್ಲೂ ಕೂತುಬಿಡುತ್ತದೆ. ಅಜ್ಜಿಯನ್ನು ಕಂಡೇ ಇರದ ಮೊಮ್ಮಗಳಿಗಂತೂ ಹೋಲಿಸಿ ನೋಡಲು ಬೇರೇನೂ ಇರುವುದಿಲ್ಲ.

ಹಾಗಂತ ಯಂತ್ರವೇ ಬೇಡ ಅಂತಲ್ಲ. ಸೀರೆ ಮೇಲಿನ ಬೂಷ್ಟು, ಹಿಂದಿನ ಪರದೆಯ ಗೀರು, ಹರಿದ ಮೂಲೆ, ಇವನ್ನು ಸರಿಮಾಡಲು ನಾನೂ ಅದನ್ನೇ ಬಳಸುತ್ತೇನೆ. ಮುಖವನ್ನು ಮಾತ್ರ ಬೇರೆ ಮಾಡಿಟ್ಟು ಕೈಯಲ್ಲೇ ಗೀರು ತೆಗೆಯುತ್ತೇನೆ. ಇಲ್ಲದ ರೆಪ್ಪೆ, ಇಲ್ಲದ ನಗು ಸೇರಿಸುವುದಿಲ್ಲ. ಪ್ರಿಂಟ್ ಚಿಕ್ಕದಿರಲಿ ಅಂತಲೂ ಹೇಳುತ್ತೇನೆ. 5×7 ಇಂಚಿನಲ್ಲಿ ಮಸುಕು ಅಷ್ಟು ಕಾಣುವುದಿಲ್ಲ. ಮನೆಯಲ್ಲಿ ನೆಗೆಟಿವ್ ಇದ್ದರೆ ದಯವಿಟ್ಟು ಹುಡುಕಿ ತನ್ನಿ. ಹಳೇ ಪ್ರಿಂಟಿಗಿಂತ ಅದರಲ್ಲಿ ಎಷ್ಟೋ ಜಾಸ್ತಿ ವಿವರ ಉಳಿದಿರುತ್ತದೆ. ಅಂಟು ಹಾಳೆಯ ಆಲ್ಬಂ ಆದರೆ ಫೋಟೋ ಕೀಳಲು ಹೋಗಬೇಡಿ, ಆಲ್ಬಮ್ಮನ್ನೇ ತನ್ನಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಅಂತ ಕಳಿಸಿದರೆ ಇರುವ ಪಿಕ್ಸೆಲ್ಲೂ ಕಡಿಮೆಯಾಗುತ್ತವೆ.

ಪ್ರಿಂಟ್ ಹಾಕುವ ಮುಂಚೆ, ಹೋದವರ ತಂಗಿಗೋ ಓರಗಿತ್ತಿಗೋ ಒಮ್ಮೆ ತೋರಿಸಿಕೊಂಡು ಬನ್ನಿ. ಅವರು “ಇವಳಲ್ಲ” ಅಂದರೆ ಆ ಫೈಲ್ ಬಿಟ್ಟು, ಮೊದಲ ಸ್ಕ್ಯಾನಿನಿಂದಲೇ ಮತ್ತೆ ಶುರು ಮಾಡೋಣ.