ನೈಟ್ ಡ್ಯೂಟಿ ತಪ್ಪಿಸ್ಕೊಳ್ಳೋಕೆ ಎಂ.ಎಸ್ಸಿ ಮಾಡ್ಬೇಡಿ

ಫೈನಲ್ ಇಯರ್ ಬಿ.ಎಸ್ಸಿ ನರ್ಸಿಂಗ್ ಮಕ್ಕಳನ್ನ ಮುಂದೇನಪ್ಪಾ ಅಂತ ಕೇಳಿದ್ರೆ ನನ್ ಕ್ಲಾಸಲ್ಲಿ ಹೆಚ್ಚೂಕಮ್ಮಿ ಮೂರೇ ಉತ್ತರ: ಫಾರಿನ್, ಗವರ್ನಮೆಂಟ್ ಜಾಬ್, ಇಲ್ಲಾಂದ್ರೆ ಎಂ.ಎಸ್ಸಿ. ವಾರ್ಡ್‌ನಲ್ಲೇ ಇರ್ತೀನಿ ಮೇಡಂ ಅನ್ನೋರು ಅಪರೂಪ.

ಬೈಯೋಕಾಗಲ್ಲ ಬಿಡಿ. ಸುಪ್ರೀಂ ಕೋರ್ಟ್ ಹೇಳಿದ್ಮೇಲೆ ಕೇಂದ್ರ ಸರ್ಕಾರ ಮಾಡಿದ ಸಮಿತಿ 2016ರಲ್ಲೇ ಪ್ರೈವೇಟ್ ನರ್ಸ್‌ಗಳ ಸಂಬಳದ ಬಗ್ಗೆ ಶಿಫಾರಸು ಕೊಡ್ತು, 200ಕ್ಕಿಂತ ಜಾಸ್ತಿ ಬೆಡ್ ಇದ್ರೆ ಸರ್ಕಾರಿ ನರ್ಸ್‌ಗಳಷ್ಟೇ, 50ಕ್ಕಿಂತ ಕಮ್ಮಿ ಇದ್ರೂ ತಿಂಗಳಿಗೆ 20,000ಕ್ಕೆ ಕಮ್ಮಿ ಇರಬಾರದು ಅಂತ. ತಾಲೂಕಿನ ನರ್ಸಿಂಗ್ ಹೋಂನಲ್ಲಿ ಕೆಲಸಕ್ಕಿರೋ ಹುಡುಗೀನ ಕೇಳಿ ನೋಡಿ, ಎಷ್ಟು ಬರುತ್ತೆ ಅಂತ ಹೇಳ್ತಾಳೆ. ಅತ್ತ ಏಮ್ಸ್‌ನವರ ನಾರ್ಸೆಟ್ ಅನ್ನೋ ನೇಮಕಾತಿ ಪರೀಕ್ಷೆ ಪಾಸಾಗಿ ಕೆಲಸ ಸಿಕ್ರೆ ಶುರುವಿನ ಬೇಸಿಕ್ಕೇ ತಿಂಗಳಿಗೆ 44,900. ಹಾಗಾಗಿ ಕೋಚಿಂಗ್‌ಗೆ ಓಡೋರ ಲೆಕ್ಕಾಚಾರ ಸರಿಯಾಗೇ ಇದೆ, ಅದ್ರಲ್ಲೂ ಹುಡುಗರಿಗೆ ಏಮ್ಸ್ ಹುದ್ದೆಗಳಲ್ಲಿ ಇದುವರೆಗೆ ಇಡ್ತಾ ಬಂದಿರೋದು 20 ಪರ್ಸೆಂಟ್ ಮಾತ್ರ ಅನ್ನೋದು ಗೊತ್ತಿದ್ದು ಓದಬೇಕು.

ನನಗೆ ತಲೆನೋವು ಎಂ.ಎಸ್ಸಿ ಮಾಡಿ ನರ್ಸಿಂಗ್ ಕಾಲೇಜಲ್ಲಿ ಟೀಚರ್ ಆಗೋ ಆಸೆಯದ್ದು. ಯಾಕಮ್ಮಾ ಅಂದ್ರೆ ಸಬ್ಜೆಕ್ಟ್ ಇಷ್ಟ ಅಂತ ಹೇಳೋರು ಕಮ್ಮಿ, ನೈಟ್ ಡ್ಯೂಟಿ ಇರಲ್ಲ, ಭಾನುವಾರ ರಜ, ಮನೇಲೂ ಮದುವೆಗೆ ಲೆಕ್ಚರರ್ ಅಂದ್ರೆ ಒಳ್ಳೇದು ಅಂತಾರೆ ಅಂತ. ಎಂ.ಎಸ್ಸಿಗೆ ಸೇರೋಕೆ ಬಿ.ಎಸ್ಸಿ ಆದ್ಮೇಲೆ ಕನಿಷ್ಠ ಒಂದು ವರ್ಷ ಕೆಲಸ ಮಾಡಿರಬೇಕು ಅನ್ನೋ ರೂಲ್ ಇದೆ, ಆದ್ರೆ ಅದನ್ನ ಗೊತ್ತಿರೋರ ಆಸ್ಪತ್ರೆ ಲೆಟರ್‌ಹೆಡ್‌ನಲ್ಲೇ ಮುಗಿಸೋರೂ ಇದ್ದಾರೆ. ಆಮೇಲೆ ಅವ್ರೇ ಟೀಚರ್ ಆಗಿ ಮಕ್ಕಳನ್ನ ಐಸಿಯುಗೆ ಕರ್ಕೊಂಡು ಹೋಗ್ತಾರೆ, ವೆಂಟಿಲೇಟರ್ ಅಲಾರಂ ಹೊಡೆದ್ರೆ ಮಕ್ಕಳಿಗಿಂತ ಮೊದಲು ಮೇಡಂ ಹಿಂದೆ ಸರೀತಾರೆ. ಇನ್ನು ಪ್ರೈವೇಟ್ ಕಾಲೇಜಿನ ಸಂಬಳ ಅಂತೂ, ಅದರ ಮಾತು ಬೇಡ.

ಸ್ಪೆಷಾಲಿಟಿ ಆರಿಸೋದೂ ಹಾಗೇ. ಇರೋದು ಐದು: ಮೆಡಿಕಲ್ ಸರ್ಜಿಕಲ್, ಒಬಿಜಿ (ಹೆರಿಗೆ, ಸ್ತ್ರೀರೋಗ), ಪೀಡಿಯಾಟ್ರಿಕ್ (ಮಕ್ಕಳದ್ದು), ಸೈಕಿಯಾಟ್ರಿ (ಮಾನಸಿಕ ರೋಗ), ಕಮ್ಯುನಿಟಿ (ಸಮುದಾಯದ ಆರೋಗ್ಯ). ಓದುವಾಗ ಕಲಿಯೋಕೆ ಆಸ್ಪತ್ರೆಗೆ ಹಾಕೋ ಪೋಸ್ಟಿಂಗ್‌ನಲ್ಲಿ ವಾರ್ಡ್ ಸಿಸ್ಟರ್ ಹೇಗೆ ನೋಡ್ಕೊಂಡ್ರು ಅನ್ನೋದರ ಮೇಲೆ ಅರ್ಧ ತೀರ್ಮಾನ ಆಗಿಹೋಗಿರುತ್ತೆ. ಲೇಬರ್ ರೂಮ್ ಬಾಗಿಲಲ್ಲೇ ನಿಂತ ಹುಡುಗ ಒಬಿಜಿ ಕೇಳಲ್ಲ. ಸೈಕಿಯಾಟ್ರಿ ಅಂದ್ರೆ ಹೆದರೋರು ನಿಮ್ಹಾನ್ಸ್ ಪೋಸ್ಟಿಂಗ್ ಮುಗಿಸಿ ಬಂದು ಅದೇ ಬೇಕು ಅಂದಿದ್ದೂ ನೋಡಿದೀನಿ.

ಪೇಷೆಂಟ್ ಕೇರ್ ನಿಜವಾಗಲೂ ಇಷ್ಟ ಇರೋರಿಗೆ ಎಂ.ಎಸ್ಸಿ ಒಂದೇ ದಾರಿ ಅಲ್ಲ. ಕ್ರಿಟಿಕಲ್ ಕೇರ್, ಆಂಕಾಲಜಿ (ಕ್ಯಾನ್ಸರ್), ನಿಯೋನೇಟಲ್ (ನವಜಾತ ಶಿಶು) ಇಂಥವುಗಳಲ್ಲಿ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ, ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್ ಇದೆ, ಇದು ರೆಸಿಡೆನ್ಸಿ ಥರ, ಓದು ಜಾಸ್ತಿ ನಡೆಯೋದು ಐಸಿಯು ಒಳಗೇ. ಇದರ ಹೆಸರೇ ನಮ್ಮ ಮಕ್ಕಳಿಗೆ ಗೊತ್ತಿರಲ್ಲ, ಕಾಲೇಜಿನವರು ಹೇಳಲ್ಲ ಅನ್ನೋದೇ ಕಾರಣ.

ಫಾರಿನ್ ಹೋಗೋರು ಏಜೆಂಟ್ ಹತ್ರ ಹೋಗೋಕೆ ಮೊದಲು ಯಾವ ದೇಶ ಅಂತ ಗಟ್ಟಿ ಮಾಡ್ಕೊಳ್ಳಿ, ಯಾಕಂದ್ರೆ ತಯಾರಿನೇ ಬೇರೆ ಬೇರೆ. ಜರ್ಮನಿಗೆ ಜರ್ಮನ್ ಭಾಷೆ ಬಿ2 ಲೆವೆಲ್‌ವರೆಗೆ ಬೇಕು, ಮೊದಲ ಮೆಟ್ಟಿಲು ಎ1ರಿಂದ ಶುರು ಮಾಡೋರಿಗೆ ತಿಂಗಳುಗಟ್ಲೆ ಓದು. ಯುಕೆಗೆ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಅಥವಾ ಒಇಟಿ, ಆಮೇಲೆ ಕಂಪ್ಯೂಟರ್‌ನಲ್ಲಿ ಬರೆಯೋ ಸಿಬಿಟಿ, ಅಲ್ಲಿಗೆ ಹೋದ್ಮೇಲೆ ಆಸ್ಕಿ ಅನ್ನೋ ಪ್ರಾಕ್ಟಿಕಲ್ ಪರೀಕ್ಷೆ. ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಅನ್ನೋ ಲೈಸೆನ್ಸ್ ಪರೀಕ್ಷೆ. ಗಲ್ಫ್‌ನವರು ಸಾಮಾನ್ಯವಾಗಿ ಎರಡು ವರ್ಷ ಅನುಭವ ಕೇಳ್ತಾರೆ. ಅಂದ್ರೆ ವಾರ್ಡ್ ಬೇಡ ಅಂತ ಫಾರಿನ್ ಕಡೆ ನೋಡಿದ್ರೂ ಮೊದಲು ವಾರ್ಡ್‌ಗೇ ಹೋಗ್ಬೇಕು, ಅಲ್ಲಿ ಹೋದ್ಮೇಲೂ ನೈಟ್ ಡ್ಯೂಟಿ ತಪ್ಪಲ್ಲ.

ಅದಕ್ಕೇ ರಿಸಲ್ಟ್ ಬಂದ ತಕ್ಷಣ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟ್ರೇಷನ್ ಮಾಡಿಸ್ಕೊಂಡೇ ಕೆಲಸಕ್ಕೆ ಸೇರಿ, ಅದಕ್ಕೂ ಮೊದಲು ದುಡಿದಿದ್ದನ್ನ ತುಂಬಾ ಕಡೆ ಅನುಭವ ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ಅಪಾಯಿಂಟ್‌ಮೆಂಟ್ ಆರ್ಡರ್ ಕೇಳಿ ಇಸ್ಕೊಳ್ಳಿ, ಸಂಬಳ ಬ್ಯಾಂಕಿಗೇ ಹಾಕಿಸ್ಕೊಳ್ಳಿ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಯಾವ ಆಸ್ಪತ್ರೆಯವರ ಕೈಗೂ ಕೊಟ್ಟು ಬರ್ಬೇಡಿ, ಬೇಕಿದ್ರೆ ಜೆರಾಕ್ಸ್ ಇಟ್ಕೊಳ್ಳಲಿ.