ಓದುಗರ ಪ್ರಶ್ನೆ: ಇನ್ವರ್ಟರ್ ಬ್ಯಾಟರಿಗೆ ಆರ್‌ಒ ನೀರು ಹಾಕಬಹುದಾ?

ಪ್ರಶ್ನೆ: ಮನೆಯಲ್ಲಿ 150 ಎಎಚ್ ಟ್ಯೂಬುಲರ್ ಬ್ಯಾಟರಿ ಇದೆ. ಕುಡಿಯುವ ಆರ್‌ಒ ನೀರನ್ನೇ ತುಂಬಿಸಿದರೆ ಸಾಲದೇ? ಎಷ್ಟು ದಿನಕ್ಕೊಮ್ಮೆ ತುಂಬಬೇಕು?

ಉತ್ತರ: ದಯವಿಟ್ಟು ಹಾಕಬೇಡಿ. ಬೆಂಗಳೂರಿನ ಬೋರ್‌ವೆಲ್ ನೀರು ಎಷ್ಟು ಗಡಸು ಅನ್ನುವುದು ಗೀಸರ್ ಕಾಯಿಲ್ ಬಿಚ್ಚಿ ನೋಡಿದವರಿಗೆ ಗೊತ್ತು. ಆರ್‌ಒ ಯಂತ್ರ ಅದರ ಲವಣವನ್ನು ಬಹಳಷ್ಟು ತೆಗೆಯುತ್ತದೆ, ಪೂರ್ತಿ ಅಲ್ಲ. ರುಚಿಗೆಂದು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) ಹೊಂದಿಸುವ ತಿರುಪು ತೆರೆದಿಟ್ಟಿದ್ದರಂತೂ ಲೀಟರಿಗೆ 50–100 ಮಿಲಿಗ್ರಾಂ ಉಳಿದೇ ಇರುತ್ತದೆ. ಚಾರ್ಜ್ ಆಗುವಾಗ ಬ್ಯಾಟರಿಯ ನೀರು ಜಲಜನಕ, ಆಮ್ಲಜನಕವಾಗಿ ಒಡೆದು ಹೊರಗೆ ಹೋಗುತ್ತದೆ; ಲವಣ ಒಳಗೇ ಉಳಿದು, ತುಂಬಿದಷ್ಟು ಸಲವೂ ಹೆಚ್ಚುತ್ತದೆ. ಲವಣದಲ್ಲಿರುವ ಕ್ಲೋರೈಡ್ ಬ್ಯಾಟರಿಯೊಳಗಿನ ಪಾಸಿಟಿವ್ ಪ್ಲೇಟನ್ನು (ಸೀಸದ ಫಲಕ) ತಿನ್ನುತ್ತದೆ. ಕಬ್ಬಿಣದ ಅಂಶವಿದ್ದರೆ ಕರೆಂಟ್ ಬಳಸದಿದ್ದರೂ ಚಾರ್ಜ್ ಇಳಿಯುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರೂ ಬೇಡ, ಅದರಲ್ಲಿ ಕಾಯಿಲ್‌ನ ಧೂಳು, ಲೋಹ ಸೇರಿರುತ್ತವೆ. ಬ್ಯಾಟರಿ ಅಂಗಡಿಯಲ್ಲಿ 5 ಲೀಟರ್ ಕ್ಯಾನಿನಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ತನ್ನಿ. ಆ್ಯಸಿಡ್ ಮಾತ್ರ ಎಂದೂ ಸುರಿಯಬೇಡಿ: ಖರ್ಚಾಗುವುದು ನೀರು, ಆ್ಯಸಿಡ್ ಅಲ್ಲ.

ಎರಡು ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು. ಮಾರ್ಚ್‌ನಿಂದ ಮೇವರೆಗೆ ತಿಂಗಳಿಗೊಮ್ಮೆ. ಬ್ಯಾಟರಿ ಪೂರ್ತಿ ಚಾರ್ಜ್ ಆದಮೇಲೆ ಇನ್ವರ್ಟರ್ ಆಫ್ ಮಾಡಿ, ಗೋಡೆಯ ಸಾಕೆಟ್‌ನಿಂದ ಅದರ ಪ್ಲಗ್ ತೆಗೆಯಿರಿ. ಮುಚ್ಚಳದ ಸುತ್ತಲಿನ ಧೂಳು ಒರೆಸಿ, ಆರೂ ಸೆಲ್‌ಗಳನ್ನು (ಬ್ಯಾಟರಿಯ ಒಳಕೋಣೆಗಳು) ಒಂದೊಂದಾಗಿ ನೋಡಿ. ನೀರಿನ ಮಟ್ಟ ತೋರಿಸುವ ಫ್ಲೋಟಿನ ಕಡ್ಡಿ ಹಸಿರು ಗುರುತಿಗೆ ಏರುವಷ್ಟು ಪ್ಲಾಸ್ಟಿಕ್ ಆಲಿಕೆಯಲ್ಲಿ ನಿಧಾನಕ್ಕೆ ಸುರಿಯಿರಿ. ಕಡ್ಡಿ ಕೆಲವೊಮ್ಮೆ ಸಿಕ್ಕಿಕೊಂಡು ಸುಳ್ಳು ಹೇಳುತ್ತದೆ, ಬೆರಳಿನಿಂದ ಒಮ್ಮೆ ಅಲ್ಲಾಡಿಸಿ. ಚಾರ್ಜ್‌ಗೆ ಮೊದಲೇ ತುಂಬಿದರೆ ಮಟ್ಟ ಏರಿ ಆ್ಯಸಿಡ್ ಉಕ್ಕುತ್ತದೆ, ಟ್ರಾಲಿ ತುಕ್ಕು ಹಿಡಿಯುತ್ತದೆ, ಬ್ಯಾಟರಿಯೂ ಸೊರಗುತ್ತದೆ. ಆದರೆ ಪ್ಲೇಟೇ ಕಾಣುವಷ್ಟು ಒಣಗಿದ್ದರೆ ಮೊದಲು ಅವು ಮುಳುಗುವಷ್ಟು ಮಾತ್ರ ಹಾಕಿ, ಚಾರ್ಜ್ ಆದಮೇಲೆ ಉಳಿದದ್ದು.

ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ನೆಗೆಟಿವ್ ತಂತಿ ಮೊದಲು ಬಿಚ್ಚಿ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ; ಆ ನೀರು ಸೆಲ್ ಒಳಗೆ ಇಳಿಯಬಾರದು. ಒಣಗಿಸಿ, ಬಿಗಿಮಾಡಿ, ವ್ಯಾಸಲಿನ್ ಸವರಿ. ನೆಗೆಟಿವ್ ಕೊನೆಗೆ ಜೋಡಿಸಿ.

ಈ ಕೆಲಸಕ್ಕೆ ಕನ್ನಡಕ, ರಬ್ಬರ್ ಗ್ಲೌಸ್ ಬೇಕೇ ಬೇಕು. ಕಣ್ಣಿಗೆ ಹನಿ ಸಿಡಿದರೆ ಕನಿಷ್ಠ 15 ನಿಮಿಷ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಿ. ಬ್ಯಾಟರಿ ಮೆಟ್ಟಿಲ ಕೆಳಗಿದ್ದರೆ ಗಾಳಿಯಾಡಲು ಬಿಡಿ; ಪಕ್ಕದಲ್ಲಿ ದೀಪ, ಅಗರಬತ್ತಿ ಹಚ್ಚಲೇಬೇಡಿ, ಜಲಜನಕ ಕಿಡಿಗೆ ಸಿಡಿಯುತ್ತದೆ.

ಒಂದೇ ಸೆಲ್ ಬೇರೆಯವಕ್ಕಿಂತ ಹೆಚ್ಚು ನೀರು ಕುಡಿಯುತ್ತಿದ್ದರೆ ಆ ಸೆಲ್ ಕೆಟ್ಟಿರುವ ಸಂಭವ ಹೆಚ್ಚು. ಆರೂ ಬೇಗ ಬತ್ತಿದರೆ ಇನ್ವರ್ಟರ್ ಅತಿಯಾಗಿ ಚಾರ್ಜ್ ಮಾಡುತ್ತಿದೆಯೇ ಎಂದು ಮೆಕ್ಯಾನಿಕ್‌ಗೆ ತೋರಿಸಿ. ಸೀಲ್ಡ್ ಮತ್ತು ಲಿಥಿಯಂ ಬ್ಯಾಟರಿಗಳಿಗೆ ನೀರು ಹಾಕುವ ಪ್ರಶ್ನೆಯೇ ಇಲ್ಲ, ಅವನ್ನು ತೆರೆಯಲೂ ಹೋಗಬೇಡಿ.